ಮೂರೆಲೆ ಆಡೋರ ಮನೇಲಿ ಪೋಕರ್

ಯುಗಾದಿ ಬಂತೆಂದರೆ ದಾವಣಗೆರೆಯ ನಮ್ಮ ಮನೆಯಲ್ಲಿ ಇಸ್ಪೀಟು ಹೊರಗೆ ಬರುತ್ತದೆ. ಆಟ ಅಂದ್ರೆ ಮೂರೆಲೆ, ಇಲ್ಲಾ ರಮ್ಮಿ. ಈ ಸಲ ಬೆಂಗಳೂರಿಂದ ಬಂದಿದ್ದ ಅಕ್ಕನ ಮಗ, "ಮಾಮಾ, ಪೋಕರ್ ಕಲಿಸ್ತೀನಿ ಬನ್ನಿ" ಅಂತ ಚಾಪೆ ಹಾಸಿದ. ದುಡ್ಡಿಟ್ಟು ಆಡಂಗಿಲ್ಲ ಅಂತ ಅಮ್ಮ ಮೊದಲೇ ಹೇಳಿದ್ದರು, ಹಾಗಾಗಿ ಹುಣಸೆ ಬೀಜ ಹಂಚಿಕೊಂಡೆವು. ಪಕ್ಕದಲ್ಲಿ ಮಂಡಕ್ಕಿ, ಮೆಣಸಿನಕಾಯಿ. ಎಣ್ಣೆ ಕೈಯಲ್ಲಿ ಎಲೆ ಮುಟ್ಟಬೇಡಿ ಅಂತ ಅವನು ಹೇಳ್ತಾನೇ ಇದ್ದ, ಕೇಳೋರು ಯಾರು?

ಅವನು ಕಲಿಸಿದ್ದು ಟೆಕ್ಸಾಸ್ ಹೋಲ್ಡೆಮ್. ಒಬ್ಬೊಬ್ಬರ ಕೈಗೆ ಎರಡೇ ಎಲೆ. ನಡುವೆ ಎಲ್ಲರಿಗೂ ಕಾಣೋ ಹಾಗೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು: ಫ್ಲಾಪ್, ಟರ್ನ್, ರಿವರ್. ಈ ಏಳರಲ್ಲಿ ಚೆನ್ನಾಗಿರೋ ಐದು ಎಲೆ ನಮ್ಮ ಲೆಕ್ಕಕ್ಕೆ. ನನಗೆ ಹಿಡಿಸಿದ್ದು ಚೆಕ್. ಆ ಸುತ್ತಿನಲ್ಲಿ ಯಾರೂ ಬೆಟ್ ಕಟ್ಟಿಲ್ಲ ಅಂದ್ರೆ ಏನೂ ಹಾಕದೆ ಸುಮ್ನೆ ಮುಂದಿನವರಿಗೆ ಬಿಡಬಹುದು, ಮೂರೆಲೆಯಲ್ಲಿ ಆ ಸುಖ ಎಲ್ಲಿದೆ?

ಜಗಳ ಆಗಿದ್ದು ಒಂದೇ ಕೈಗೆ. ನಡುವೆ ಆಟೀನಿನ ಆರು, ಎಂಟು, ರಾಣಿ, ಜೊತೆಗೆ ಇಸ್ಪೀಟಿನ ಏಳು, ಕಳಾವರ್ ಎರಡು. ದೊಡ್ಡಪ್ಪ ಐದು, ಒಂಬತ್ತು ತೋರಿಸಿ ಐದರಿಂದ ಒಂಬತ್ತರವರೆಗೆ ಸೀಕ್ವೆನ್ಸ್ ಅಂತ ಬೀಜಕ್ಕೆ ಕೈ ಹಾಕಿದರು. ಹುಡುಗ ಆಟೀನಿನ ಎಕ್ಕ, ನಾಲ್ಕು ಇಟ್ಟ, ನಡುವಿನ ಮೂರು ಸೇರಿ ಐದೂ ಆಟೀನೇ. "ಕಲರ್ ಅಜ್ಜಾ, ನಂದೇ."

"ಏ, ಸೀಕ್ವೆನ್ಸ್ ಮುಂದೆ ಕಲರ್ ಯಾವ ಲೆಕ್ಕನೋ?"

ಮೂರೆಲೆಯಲ್ಲಿ ದೊಡ್ಡಪ್ಪ ಹೇಳಿದ್ದೇ ಸರಿ. ಪೋಕರ್‌ನಲ್ಲಿ ಉಲ್ಟಾ. ಹುಡುಗ ಲೆಕ್ಕ ಹಾಕಿ ತೋರಿಸಿದ: ಮೂರು ಎಲೆಯಲ್ಲಿ ಸೀಕ್ವೆನ್ಸ್ 720 ಬಗೆಯಲ್ಲಿ ಬರುತ್ತದೆ, ಕಲರ್ 1,096 ಬಗೆಯಲ್ಲಿ. ಐದು ಎಲೆಗೆ ಹೋದರೆ ಸೀಕ್ವೆನ್ಸ್ 10,200, ಕಲರ್ ಬರೀ 5,108. ಯಾವುದು ಕಮ್ಮಿ ಬರುತ್ತೋ ಅದೇ ದೊಡ್ಡದು. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು, ಒಪ್ಪಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ.

ಆದ್ರೆ ಎದುರಿನವರ ಮುಖ ಓದೋದನ್ನ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮುಂದೆ ಒಂದು ಕೈಯಲ್ಲಿ ರಿವರ್ ಬಿದ್ದದ್ದೇ ತಡ, ಇದ್ದ ಬೀಜವನ್ನೆಲ್ಲ ಮುಂದೆ ತಳ್ಳಿ ಮಂಡಕ್ಕಿ ತಿನ್ನುತ್ತಾ ಕೂತರು. ನಾವೆಲ್ಲ ಎಲೆ ಬಿಟ್ಟೆವು, ಹುಡುಗ ತುಂಬಾ ಯೋಚಿಸಿ ಎರಡು ಜೋಡಿ ಕೈಯಲ್ಲಿದ್ದೂ ಬಿಟ್ಟ. "ಏನಿತ್ತು ತೋರಿಸಿ ಅಜ್ಜಾ" ಅಂತ ಗೋಗರೆದ. ಎಲ್ಲರೂ ಬಿಟ್ಟ ಮೇಲೆ ಗೆದ್ದವರು ತೋರಿಸಬೇಕಾಗಿಲ್ಲ ಅಂತ ಶುರುವಲ್ಲಿ ಅವನೇ ಹೇಳಿದ್ದ, ದೊಡ್ಡಪ್ಪ ಆ ರೂಲ್ ಒಂದನ್ನ ಮಾತ್ರ ಸರಿಯಾಗಿ ನೆನಪಿಟ್ಟಿದ್ದರು.