ಸಾವಿರ ಕಾಳು ಎಣಿಸಿದ ಸಂಜೆ

ರಾಶಿ ಮುಗಿದ ಮೇಲೆ ಒಂದು ಸಂಜೆ ಪಡಸಾಲೆಯಲ್ಲಿ ಕೂತು ಗೋಧಿ ಕಾಳು ಎಣಿಸಿದೆ. ಬಾವಿ ಹತ್ತಿರದ ಹೊಲದ್ದು ಸಾವಿರ, ತಗ್ಗಿನ ಹೊಲದ್ದು ಸಾವಿರ. ಎರಡೂ ಲೋಕ್-1 ಅನ್ನುವ ಒಂದೇ ತಳಿ. "ಸಾಲ್ಯಾಗ ಹುಡುಗ್ರಿಗಿ ಕಲಿಸಿ ಕಲಿಸಿ ಇವನ ತಲೀನೇ ಕೆಟ್ಟದ ನೋಡು" ಅಂತ ಅವ್ವ ಅಣ್ಣನಿಗೆ ಹೇಳಿದಳು. ಭಾಲ್ಕಿಯ ಅಕ್ಕಸಾಲಿಗ ಗೆಳೆಯನ ತಕ್ಕಡಿಯಲ್ಲಿ ತೂಗಿದರೆ ಬಾವಿ ಹತ್ತಿರದ್ದು 43 ಗ್ರಾಂ, ತಗ್ಗಿನದು 34.

ಅಣ್ಣ ಬೀಜವನ್ನೇ ಬೈಯುತ್ತಿದ್ದ. ಆದರೆ ಎರಡೂ ಕಡೆ ಕೂರಿಗೆಗೆ ಸುರಿದದ್ದು ಒಂದೇ ಚೀಲದ ಬೀಜ. ಬೇರೆಯಾಗಿದ್ದು ದಿನ. ಬಾವಿ ಹತ್ತಿರ ಸೋಯಾ ತೆಗೆದು 2024ರ ನವೆಂಬರ್ 8ಕ್ಕೆ ಬಿತ್ತಿದ್ದೆವು. ಅಷ್ಟರಲ್ಲಿ ಮೋಟಾರು ಸುಟ್ಟಿತು. ತಗ್ಗಿನ ಹೊಲಕ್ಕೆ ನೀರು ಬಿಟ್ಟು ಹದ ಮಾಡಿ ಬಿತ್ತುವಾಗ ಡಿಸೆಂಬರ್ 10.

ಡಿಸೆಂಬರ್ 30ಕ್ಕೆ ಎಳ್ಳಮಾವಾಸ್ಯೆ. ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಮೊದಲ ಹೊಲದ ಲೋಕ್-1 ಹೊಡೆ ತುಂಬಿ ನಿಂತಿತ್ತು. ತಗ್ಗಿನದಕ್ಕೆ ಬರೀ 20 ದಿನ. ಗೋಧಿಗೆ ಬುಡದಿಂದ ಹೊಸ ಬೇರು ಒಡೆಯುವುದು ಆಗಲೇ. ಆಗ ಮೇಲ್ಮಣ್ಣು ಒಣಗಿದ್ದರೆ ಬೇರೂ ಇಳಿಯುವುದಿಲ್ಲ, ಮರಿಯೂ ಸರಿಯಾಗಿ ಒಡೆಯುವುದಿಲ್ಲ. ಅದಕ್ಕೇ ಚರಗ ಚೆಲ್ಲಿ, ಉಂಡು, ಅಣ್ಣ ಅಲ್ಲಿಂದಲೇ ನೀರು ಕಟ್ಟಲು ಹೋದ. ನಾನು ಇನ್ನೊಂದು ರೊಟ್ಟಿ ತಿಂದೆ.

ನೀರಿನ ಕೊರತೆ ಆಗಲಿಲ್ಲ. ಹೊಡೆತ ಕೊಟ್ಟದ್ದು ಬಿಸಿಲು. ಮೊದಲ ಹೊಲದಲ್ಲಿ ಕಾಳು ಕಟ್ಟಿದ್ದು ಜನವರಿಯ ಚಳಿಯಲ್ಲಿ. ತಗ್ಗಿನ ಹೊಲದ ತೆನೆ ಹೊರಬಿದ್ದದ್ದೇ ಫೆಬ್ರವರಿಯಲ್ಲಿ. ಅದೂ ಎಂಥ ಫೆಬ್ರವರಿ! 1901ರಿಂದ ಈಚೆಗೆ ದೇಶದಲ್ಲೇ ಅತಿ ಬೆಚ್ಚಗಿದ್ದದ್ದು 2025ರ ಫೆಬ್ರವರಿ. ಬಿಸಿ ಏರಿದರೆ ಗೋಧಿ ಅವಸರಕ್ಕೆ ಬೀಳುತ್ತದೆ. ಹಾಲು ತುಂಬಿದ ಎಳೆ ಕಾಳಿಗೆ ಹಿಟ್ಟು ತುಂಬುವ ದಿನಗಳೇ ಕಡಿಮೆಯಾಗುತ್ತವೆ. ನಮ್ಮಲ್ಲಿ ತಡವಾಗಿ ಬಿತ್ತಿದ್ದು ಸುಮಾರು ಹತ್ತು ದಿನ ಬೇಗನೇ ಮುದಿಯಾಯಿತು. ಕಾಳು ಸೊರಗಿದ್ದು ಹೀಗೆ.

ಹಾಗಂತ ತಳಿಗೆ ಲೆಕ್ಕವೇ ಇಲ್ಲ ಅಂತಲ್ಲ. ಅವ್ವನ ಹಟಕ್ಕೆ ಎರಡೂ ಹೊಲದ ಬದಿಗೆ ಆರಾರು ಸಾಲು ಖಪ್ಲಿ ಗೋಧಿ ಹಾಕಿದ್ದೆವು. ಧಾರವಾಡದ ಕಡೆ ಸದಕ ಅನ್ನುತ್ತಾರಲ್ಲ, ಅದೇ. ಲೋಕ್-1 ಗುಜರಾತಿನ ಸಣೋಸರಾದ ಲೋಕಭಾರತಿಯಿಂದ ಬಂದ ತಳಿ, ಅದರ ಹೆಸರೂ ಅಲ್ಲಿಯದೇ. ಜೀವಕೋಶದಲ್ಲಿ 42 ಕ್ರೋಮೋಸೋಮು. ಖಪ್ಲಿಗೆ 28, ಅದು ಬೇರೆ ಜಾತಿಯೇ. ನಮ್ಮ ಹೊಲದಲ್ಲಿ ಖಪ್ಲಿ ಲೋಕ್-1ಗಿಂತ ಎರಡು ವಾರ ತಡವಾಗಿ ತೆನೆ ಹಾಕಿತು. ನವೆಂಬರಿನ ಸಾಲುಗಳಿಗೆ ಅದರಿಂದ ಏನೂ ಆಗಲಿಲ್ಲ. ಡಿಸೆಂಬರಿನ ಸಾಲುಗಳು ಮಾರ್ಚಿನ ಬಿಸಿಲಿಗೆ ನೇರ ಸಿಕ್ಕವು. ಲೋಕ್-1 ಬೇಗ ತೆನೆ ಹಾಕುವ ಗುಣದಿಂದ ಅರ್ಧವಾದರೂ ತಪ್ಪಿಸಿಕೊಂಡಿತು.

ಯಾವ ಗೋಧಿ ಒಳ್ಳೆಯದು ಅಂತ ಅಣ್ಣ ಈಗಲೂ ಕೇಳುತ್ತಾನೆ. ಎಂದು ಬಿತ್ತುತ್ತೀ ಹೇಳು ಅಂತ ನಾನು ತಿರುಗಿ ಕೇಳುತ್ತೇನೆ. ಅವನಿಗೆ ಸಿಟ್ಟು ಬರುತ್ತದೆ. ಆದರೂ ಈ ಸಲ ದಸರಾಕ್ಕಿಂತ ಮೊದಲೇ ಮೋಟಾರು ಬಿಚ್ಚಿ ರಿಪೇರಿಗೆ ಕೊಟ್ಟಿದ್ದಾನೆ. ಖಪ್ಲಿ ಬೀಜವನ್ನು ಅವ್ವ ಬೇವಿನ ಎಲೆ ಹಾಕಿ ಡಬ್ಬಿಯಲ್ಲಿಟ್ಟಿದ್ದಾಳೆ. ಹುಗ್ಗಿಗೆ ಅಂತ ಅದರಲ್ಲಿ ಎರಡು ಸೇರು ಆಗಲೇ ಕಡಿಮೆಯಾಗಿದೆ.