ಬೀದಿ ಸಾಂಬಾದಲ್ಲಿ ಸುರ್ದು ಹೊರುವವರ ಬೆಳಗು

ರಿಯೊ ಡಿ ಜನೈರೊದಲ್ಲಿ ಕಾರ್ನಿವಲ್ ಎಂದರೆ ಕಡುಬೇಸಿಗೆ. ಅದಕ್ಕೇ ಅಲ್ಲಿನ ಬೀದಿ ತಂಡಗಳಲ್ಲಿ, ಅಂದರೆ ಬ್ಲೋಕೊಗಳಲ್ಲಿ, ಹಲವು ಬಿಸಿಲೇರುವ ಮೊದಲೇ ಕೂಡುತ್ತವೆ. 1918ರಲ್ಲಿ ಹುಟ್ಟಿದ ಕೊರ್ದಾವ್ ದ ಬೋಲಾ ಪ್ರೇತಾ ಎಂಬ ತಂಡ ಕಾರ್ನಿವಲ್ ಶನಿವಾರ ನಗರದ ನಡುಭಾಗದಲ್ಲಿ ಹೊರಡುತ್ತದೆ. ಅಲ್ಲಿ ಟ್ರಂಪೆಟ್, ಟ್ರಾಂಬೋನ್‌ಗಳ ಹಳೆಯ ಮಾರ್ಶಿನ್ಯಾಗಳದೇ, ಅಂದರೆ ಕಾರ್ನಿವಲ್ ನಡೆಹಾಡುಗಳದೇ, ಅಬ್ಬರ. ಸಾಂಬಾ ಬಾರಿಸುವ ಬ್ಲೋಕೊಗಳ ಜೀವ ಇರುವುದು ಮಾತ್ರ ಸುರ್ದುವಿನಲ್ಲಿ, ಸೊಂಟದ ಮುಂದೆ ತೂಗಿಕೊಳ್ಳುವ ದೊಡ್ಡ ಡೋಲಿನಲ್ಲಿ.

ಸುರ್ದು ಮೂರು ಬಗೆ. ಸಾಂಬಾ ಎರಡೆಣಿಕೆಯ ತಾಳ. ಎರಡನೆಯ ಎಣಿಕೆಗೆ ಬೀಳುವುದು ಎಲ್ಲಕ್ಕಿಂತ ತಗ್ಗಿನ ದನಿಯ ಮೊದಲನೆಯ ಸುರ್ದು. ಒಂದನೆಯ ಎಣಿಕೆಗೆ ಉತ್ತರ ಕೊಡುವುದು ಸ್ವಲ್ಪ ಏರಿದ ದನಿಯ ಎರಡನೆಯದು. ಮೂರನೆಯದು ಇವೆರಡರ ಸಂದಿಯಲ್ಲಿ ಆಡುತ್ತದೆ. ಪೆಟ್ಟಿನಷ್ಟೇ ಮುಖ್ಯವಾದದ್ದು ಮೌನ: ಬಾರಿಸದ ಎಣಿಕೆಗೆ ಎಡಗೈ ಚರ್ಮದ ಮೇಲೆ ಕೂತು ನಾದವನ್ನು ಅಡಗಿಸಬೇಕು. ಇಲ್ಲದಿದ್ದರೆ ಎರಡು ಸುರ್ದುಗಳ ದನಿ ಕಲೆತು ಬರೀ ಗುಡುಗು ಉಳಿಯುತ್ತದೆ. ಸುರ್ದು ಸುಲಭವೆಂದು ಹೊಸಬರ ಕೈಗೆ ಕೊಡುವುದು ತಪ್ಪು. ತಂಡದಲ್ಲಿ ಅತ್ಯಂತ ಗಟ್ಟಿ ಲಯದವರು ಅಲ್ಲಿರಬೇಕು.

ಶ್ರುತಿ ಮಾಡುವಾಗ ಎದುರುಬದುರಿನ ತಿರುಪುಗಳನ್ನು ಜೋಡಿಯಾಗಿ, ಕಾಲು ಸುತ್ತಿನಷ್ಟೇ ಬಿಗಿಯಬೇಕು. ಸಾಲಾಗಿ ಬಿಗಿಯುತ್ತಾ ಹೋದರೆ ಮುಚ್ಚಿಗೆ ಹಿಡಿದ ಬಳೆ ವಾಲುತ್ತದೆ, ದನಿ ಒಡೆಯುತ್ತದೆ. ತೊಗಲಿನ ಮುಚ್ಚಿಗೆಯ ದನಿ ಇಂಪು, ಆದರೆ ತೇವ ಹಿಡಿದರೆ ಸಡಿಲವಾಗುತ್ತದೆ. ಮಳೆಯ ಮೋಡ ಕಂಡ ದಿನ ನೈಲಾನ್ ಮುಚ್ಚಿಗೆಯೇ ಸರಿ. ಕ್ವೀಕಾ ಎಂಬ ಉಜ್ಜುವ ಡೋಲಿನವರ ಕಷ್ಟ ಇದಕ್ಕೆ ತದ್ವಿರುದ್ಧ: ಚರ್ಮದ ಒಳಗೆ ಕಟ್ಟಿದ ಬಿದಿರ ಕಡ್ಡಿಯನ್ನು ಒದ್ದೆ ಬಟ್ಟೆಯಿಂದ ಉಜ್ಜಿದರೇ ಅದು ಕೂಗುವುದು. ಬಿಸಿಲಿಗೆ ಬಟ್ಟೆ ಒಣಗಿತೋ, ದನಿ ನಿಂತಿತು. ಸೊಂಟದಲ್ಲೊಂದು ನೀರಿನ ಬಾಟಲಿ ಇರಲೇಬೇಕು.

ತಂಡ ನಡೆಯತೊಡಗಿದ ಮೇಲೆ ದೊಡ್ಡ ಶತ್ರು ದೂರ. ಸದ್ದು 35 ಮೀಟರ್ ಸಾಗಲು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ನಿಮಿಷಕ್ಕೆ 130 ಎಣಿಕೆಯ ವೇಗದಲ್ಲಿ ಒಂದು ಎಣಿಕೆಯ ಕಾಲು ಭಾಗವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹಿಂದಿನ ಸಾಲಿನ ಸುರ್ದುವನ್ನು ಕಿವಿಯಿಂದ ಹಿಂಬಾಲಿಸುವ ಮುಂದಿನ ತಂಬೊರಿಂ, ಅಂದರೆ ಎಣಿಕೆಗೆ ನಾಲ್ಕು ಪೆಟ್ಟು ಹಾಕುವ ಪುಟ್ಟ ಕೈವಾದ್ಯ, ಒಂದು ಪೂರ್ತಿ ಪೆಟ್ಟಿನಷ್ಟು ಹಿಂದೆ ಬೀಳುತ್ತದೆ! ಆದ್ದರಿಂದ ಸುರ್ದುಗಳನ್ನು ಹಿಂದೆ ಗುಂಪುಗೂಡಿಸದೆ ಎರಡು ಬದಿಗೂ ನಡುವಿಗೂ ಹಂಚಬೇಕು. ಯಾರಿಗೂ ಹತ್ತಿರದ ಸುರ್ದು 10 ಮೀಟರ್‌ಗಿಂತ ದೂರವಿರಬಾರದು. ಕಣ್ಣು ತಂಡ ನಡೆಸುವ ಮೆಸ್ತ್ರೆಯ ಕೈ ಮೇಲಿರಬೇಕು. ಜನ ಒತ್ತಿಬಂದು ಸಾಲು ಹರಿಯದಂತೆ ಸುತ್ತ ಹಗ್ಗ ಹಿಡಿಯುವವರೂ ವಾದಕರಷ್ಟೇ ಬೇಕಾದವರು.

ಇನ್ನೊಂದು ಅಪಾಯ ಉತ್ಸಾಹ. ಜನ ಕುಣಿದಷ್ಟೂ ವೇಗ ತಾನಾಗಿ ಏರುತ್ತದೆ. ಮೊದಲು ಸೋಲುವುದು ತಂಬೊರಿಂ: ಅಂಗೈಯಗಲದ ಆ ವಾದ್ಯವನ್ನು ನಾಲ್ಕು ಪೆಟ್ಟಿಗೊಮ್ಮೆ ತಿರುಗಿಸಿ, ಮೇಲೇಳುವ ಕೋಲಿಗೇ ತಾಗಿಸಬೇಕು. ವೇಗ ಮಿತಿ ಮೀರಿದರೆ ಮಣಿಕಟ್ಟು ಕೈಕೊಡುತ್ತದೆ.

ಲಯ ಒಡೆದೇಬಿಟ್ಟರೆ ಜೋರಾಗಿ ಬಾರಿಸಿ ಸರಿಪಡಿಸಲು ಹೋಗಬಾರದು. ಮೆಸ್ತ್ರೆ ಸೀಟಿ ಊದಿ ಮುಷ್ಟಿ ಎತ್ತಿದಾಗ ಉಳಿದವರೆಲ್ಲ ನಿಲ್ಲಿಸಿ, ಮೊದಲನೆಯ ಮತ್ತು ಎರಡನೆಯ ಸುರ್ದುಗಳನ್ನಷ್ಟೇ ನಾಲ್ಕಾರು ಆವರ್ತ ನಡೆಯಲು ಬಿಡಬೇಕು. ಆಮೇಲೆ ಕೈಶಾ ಎಂಬ ಚರಚರ ದನಿಯ ಡೋಲು ಸೇರಲಿ. ಏರುದನಿಯ ಸಣ್ಣ ಡೋಲಾದ ರೆಪಿನಿಕ್ ಕರೆ ಕೊಟ್ಟ ಮೇಲೆ ಇಡೀ ತಂಡ ಒಟ್ಟಿಗೇ ಒಳಬರುತ್ತದೆ.