ಮೇಜಿನ ಕೆಳಗಿದ್ದ ವೈಫೈ

ಕರಡು ತಿದ್ದುವುದು ನನ್ನ ಕೆಲಸ. ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ದೊಡ್ಡ ದೊಡ್ಡ ಫೈಲುಗಳಲ್ಲಿ ಕಳಿಸುತ್ತಾರೆ. ನಾನು ತಿದ್ದಿ ವಾಪಸ್ ಕಳಿಸಬೇಕು. ಕಳೆದ ಒಂದು ವರ್ಷದಿಂದ ತಿದ್ದುವುದಕ್ಕಿಂತ ಕಳಿಸುವುದೇ ದೊಡ್ಡ ಕೆಲಸ ಅನ್ನಿಸತೊಡಗಿತ್ತು.

ನಾನು ಕೆಲಸ ಮಾಡುವ ಮೇಜಿನ ಮೇಲೆ ಮಗನ ಫೋನು ಇಟ್ಟು ಸ್ಪೀಡ್ ಟೆಸ್ಟ್ ಮಾಡಿದರೆ 190 ಎಂಬಿಪಿಎಸ್. ನನ್ನ ಕಂಪ್ಯೂಟರಿನಲ್ಲಿ 35. "ಅಮ್ಮಾ, ಅದಕ್ಕೆ ವಯಸ್ಸಾಯ್ತು, ಹೊಸದು ತಗೊಂಬಿಡು" ಎಂದ ಮಗ. ಪ್ರೊಸೆಸರ್ ಚೆನ್ನಾಗಿದೆ, ಎಸ್‌ಎಸ್‌ಡಿ ಇದೆ, ಮೆಮೊರಿ ಸಾಕಷ್ಟಿದೆ. ವೈಫೈ ಒಂದಕ್ಕಾಗಿ ಇಡೀ ಕಂಪ್ಯೂಟರ್ ಬದಲಿಸುವುದಾ? ಬಾಗಿಲಿನ ಚಿಲಕ ಕೆಟ್ಟರೆ ಮನೆ ಮಾರಿದ ಹಾಗಾಯಿತು.

ನಾನು ಬಳಸುತ್ತಿದ್ದದ್ದು ಹೆಬ್ಬೆರಳಿನ ಉಗುರಿನಷ್ಟಿದ್ದ ಯುಎಸ್‌ಬಿ ಡಾಂಗಲ್, ಅಂದರೆ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿ ವೈಫೈ ಹಿಡಿಯುವ ಸಾಧನ. 802.11ಎನ್ ಕಾಲದ್ದು, ಅಂದರೆ 2009ರಲ್ಲಿ ಬಂದ ವೈಫೈ ಮಾನದಂಡದ್ದು. ವೈಫೈ ಓಡುವ ರೇಡಿಯೋ ತರಂಗಗಳಲ್ಲಿ ಅದಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ಆಂಟೆನಾ ಒಂದೇ. ವಿಂಡೋಸ್‌ನಲ್ಲಿ ವೈಫೈ ಪ್ರಾಪರ್ಟೀಸ್ ತೆರೆದರೆ ಲಿಂಕ್ ಸ್ಪೀಡ್, ಅಂದರೆ ಕಂಪ್ಯೂಟರಿಗೂ ರೂಟರಿಗೂ ನಡುವಿನ ವೇಗ, 72 ಎಂದು ತೋರಿಸುತ್ತಿತ್ತು. ಈ 72 ಎಲ್ಲಾ ನಮ್ಮ ಕೈಗೆ ಬರುವುದಿಲ್ಲ. ರೂಟರ್ ಜೊತೆಗಿನ ಮಾತುಕತೆಗೇ ಒಂದು ಪಾಲು ಹೋಗುತ್ತದೆ, ಸಾಮಾನ್ಯವಾಗಿ ಹೆಚ್ಚುಕಮ್ಮಿ ಅರ್ಧದಷ್ಟು ಉಳಿಯುತ್ತದೆ. ಹಾಗಾಗಿ 35 ಬರುತ್ತಿದ್ದದ್ದರಲ್ಲಿ ಡಾಂಗಲ್‌ನ ತಪ್ಪೇನಿಲ್ಲ, ಪಾಪ.

ಇನ್ನೊಂದು ಕಾಟ ಇತ್ತು. ರಾತ್ರಿ ಹೊರಗಿನ ಹಾರ್ಡ್ ಡಿಸ್ಕ್‌ಗೆ ಬ್ಯಾಕಪ್ ಶುರು ಮಾಡಿದ ಕೂಡಲೇ ನೆಟ್ ಸಾಯುತ್ತಿತ್ತು. ಬ್ಯಾಕಪ್ ಮುಗಿದರೆ ತಾನಾಗಿ ಬದುಕುತ್ತಿತ್ತು. ವೈರಸ್ ಇರಬಹುದು, ವಿಂಡೋಸ್ ಅಪ್‌ಡೇಟ್ ಇರಬಹುದು ಎಂದು ಎಲ್ಲದರ ಮೇಲೂ ಅನುಮಾನಪಟ್ಟೆ. ನಿಜವಾದ ಕಾರಣ ಓದಿದಾಗ ನಗು ಬಂತು. ಯುಎಸ್‌ಬಿ 3.0 ಸಾಧನದಲ್ಲಿ ಡೇಟಾ ಓಡುವಾಗ ಅದರ ವೈರು, ಕನೆಕ್ಟರ್‌ಗಳಿಂದ ಒಂದು ಬಗೆಯ ರೇಡಿಯೋ ಗದ್ದಲ ಹೊರಬೀಳುತ್ತದೆ. ಆ ಗದ್ದಲ 2.4 ಗಿಗಾಹರ್ಟ್ಸ್ ಮೇಲೂ ಬೀಳುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದರ ಬಗ್ಗೆ ವರದಿ ಬರೆದಿದೆ. ನನ್ನ ಡಾಂಗಲ್ ಮತ್ತು ಹಾರ್ಡ್ ಡಿಸ್ಕ್ ಕೂತಿದ್ದದ್ದು ಅಕ್ಕಪಕ್ಕದ ಪೋರ್ಟಿನಲ್ಲಿ! ಕಿವಿಯ ಪಕ್ಕದಲ್ಲೇ ತಮಟೆ ಹೊಡೆಯುತ್ತಾ ಪಿಸುಮಾತು ಕೇಳಿಸಿಕೋ ಅಂದ ಹಾಗೆ.

ಸರಿ, ಕಂಪ್ಯೂಟರ್ ಒಳಗೆ ಕೂರುವ ವೈಫೈ ಕಾರ್ಡನ್ನೇ ಹಾಕೋಣ ಎಂದುಕೊಂಡೆ. ವೈಫೈನ ಇನ್ನೊಂದು ತರಂಗವಾದ 5 ಗಿಗಾಹರ್ಟ್ಸ್‌ಗೆ ಹೋದರೆ ಈ ಗದ್ದಲದ ಗೊಡವೆಯೇ ಇರುವುದಿಲ್ಲ. ಬ್ಲೂಟೂತ್ ಕೂಡ ಜೊತೆಗೆ ಬರುತ್ತದೆ.

ಇಲ್ಲಿ ನನ್ನ ಮಾನ ಹೋಗುವುದರಲ್ಲಿತ್ತು. ಒಂದೊಂದು ಅಕ್ಷರ ನೋಡಿಯೇ ಬದುಕುವವಳು ನಾನು. ಆದರೂ ಎಎಕ್ಸ್200 ಮತ್ತು ಎಎಕ್ಸ್201 ಒಂದೇ, ಎರಡನೆಯದು ಸ್ವಲ್ಪ ಹೊಸದು ಅಷ್ಟೇ ಎಂದುಕೊಂಡುಬಿಟ್ಟಿದ್ದೆ. ಎರಡೂ ಇಂಟೆಲ್ ಕಾರ್ಡುಗಳೇ, ನೋಡುವುದಕ್ಕೂ ಒಂದೇ ಥರ. ಆದರೆ 201ರಲ್ಲಿ ರೇಡಿಯೋ ಭಾಗ ಮಾತ್ರ ಇರುತ್ತದೆ. ಉಳಿದ ಕೆಲಸವನ್ನು ಇಂಟೆಲ್‌ನ ಪ್ರೊಸೆಸರ್ ಅಥವಾ ಚಿಪ್‌ಸೆಟ್ ಮಾಡಬೇಕು. ಅದಕ್ಕೆ ಸಿಎನ್‌ವಿಐ ಅಂತ ಹೆಸರು. ನನ್ನದು ಎಎಂಡಿ ಮದರ್‌ಬೋರ್ಡ್. ಅದರಲ್ಲಿ 201 ಹಾಕಿದ್ದರೆ ಏನೂ ಆಗುತ್ತಿರಲಿಲ್ಲ, ಸುಮ್ನೆ ಕೂತಿರುತ್ತಿತ್ತು. ಆರ್ಡರ್ ಒತ್ತುವ ಮುಂಚೆ ಯಾಕೋ ಇನ್ನೊಂದು ಸಲ ಓದಿದೆ. ಕಸುಬಿನ ಚಾಳಿ ಉಳಿಸಿತು. ಎಎಕ್ಸ್200 ಇರುವ, ಮದರ್‌ಬೋರ್ಡಿನಲ್ಲಿ ಕಾರ್ಡು ಕೂರಿಸುವ ಚಿಕ್ಕ ಪಿಸಿಐಇ ಸ್ಲಾಟಿಗೆ ಹಾಕುವ ಕಾರ್ಡ್ ತರಿಸಿದೆ.

ವೈಫೈ 4, 5, 6 ಅಂತ ಸುಲಭವಾಗಿ ಕರೆಯುವ ಪದ್ಧತಿಯನ್ನು ವೈಫೈ ಅಲೈಯನ್ಸ್ ಎಂಬ ಕಂಪನಿಗಳ ಒಕ್ಕೂಟ 2018ರಲ್ಲಿ ತಂದಿತು. ಅದಕ್ಕೂ ಮೊದಲು ಎನ್, ಎಸಿ, ಎಎಕ್ಸ್ ಅಂತ ಅಕ್ಷರಗಳ ಗೊಂದಲ. ಕಾರ್ಡು ಮಾಡುವವರಿಗೂ ಯಾರಾದರೂ ಇಂಥದ್ದೇ ಬುದ್ಧಿ ಹೇಳಬೇಕಿತ್ತು.

ಹಾಕುವುದೇನೂ ಕಷ್ಟ ಆಗಲಿಲ್ಲ. ಕರೆಂಟ್ ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್‌ನ ಲೋಹ ಮುಟ್ಟಿಕೊಂಡೆ. ಮೈಯಲ್ಲಿರುವ ಸ್ಥಿರ ವಿದ್ಯುತ್ ಚಿಪ್ಪಿಗೆ ಹೊಡೆಯಬಾರದು ಅಂತ. ಎರಡು ಚಿಕ್ಕ ಸ್ಲಾಟುಗಳಲ್ಲಿ ಒಂದನ್ನು ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಮುಚ್ಚಿತ್ತು, ಆದ್ದರಿಂದ ಕೆಳಗಿನದಕ್ಕೆ ಹಾಕಿದೆ. ಸ್ಕ್ರೂ ಮಾತ್ರ ಒಳಗೆ ಬಿದ್ದು ಅರ್ಧ ಗಂಟೆ ಆಟವಾಡಿಸಿತು.

ಆನ್ ಮಾಡಿದರೆ ವೈಫೈಯೇ ಇಲ್ಲ. ಕಾರ್ಡನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ, ಅಂದರೆ ಡ್ರೈವರ್ ಬೇಕು. ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು. ಆ ಡಾಂಗಲ್ ಆಗಲೇ ಎಲ್ಲೋ ಎಸೆದಿದ್ದೆ, ಕೈಗೆ ಸಿಗಲಿಲ್ಲ. ಫೋನನ್ನು ಯುಎಸ್‌ಬಿ ವೈರಿನಿಂದ ಸೇರಿಸಿ ಟೆದರಿಂಗ್ ಆನ್ ಮಾಡಿ, ಅಂದರೆ ಫೋನಿನ ನೆಟ್ ಹಂಚಿಕೊಂಡು, ಡ್ರೈವರ್ ಇಳಿಸಿಕೊಂಡೆ. ವೈಫೈ ಬಂತು, ಬ್ಲೂಟೂತ್ ಬರಲಿಲ್ಲ. ಆಮೇಲೆ ನೋಡಿದರೆ ಪೆಟ್ಟಿಗೆಯಲ್ಲಿ ಒಂದು ಸಣ್ಣ ವೈರ್ ಹಾಗೇ ಉಳಿದಿತ್ತು. ಸುಮ್ನೆ ಕೊಟ್ಟಿದ್ದಾರೆ ಅಂದುಕೊಂಡಿದ್ದೆ. ಇಂಥ ಕಾರ್ಡುಗಳಲ್ಲಿ ವೈಫೈ ಪಿಸಿಐಇ ಮೂಲಕ ಓಡಿದರೂ ಬ್ಲೂಟೂತ್ ಓಡುವುದು ಯುಎಸ್‌ಬಿ ಮೂಲಕ. ಆ ವೈರನ್ನು ಮದರ್‌ಬೋರ್ಡಿನ ಒಂಬತ್ತು ಪಿನ್ನಿನ ಯುಎಸ್‌ಬಿ ಹೆಡರ್‌ಗೆ ಚುಚ್ಚಬೇಕಿತ್ತು. ಮತ್ತೆ ಕ್ಯಾಬಿನೆಟ್ ಬಿಚ್ಚಿದೆ.

ಎಲ್ಲ ಮುಗಿಸಿ ಸ್ಪೀಡ್ ಟೆಸ್ಟ್ ಮಾಡಿದರೆ 120. ಲಿಂಕ್ ಸ್ಪೀಡ್ 260. ಪೆಟ್ಟಿಗೆ ಮೇಲೆ 2400 ಅಂತ ಅಚ್ಚು ಹಾಕಿದ್ದರು! ಅದರ ಆಸೆ ನನಗೂ ಇರಲಿಲ್ಲ ಬಿಡಿ. ರೂಟರ್ ವೈಫೈ 5ರದ್ದು, ಎರಡು ಆಂಟೆನಾ ಕಾರ್ಡಿಗೆ ಅದು ಕೊಡುವುದೇ ಹೆಚ್ಚೆಂದರೆ 867. ಆದರೂ 260 ತೀರಾ ಕಮ್ಮಿ ಅಲ್ವಾ?

ನೆಲದ ಮೇಲೆ ಕೂತು ಕ್ಯಾಬಿನೆಟ್ ಹಿಂದೆ ಇಣುಕಿದೆ. ಎರಡು ಆಂಟೆನಾ ಕಡ್ಡಿಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ಮುಂದೆ ಉಕ್ಕಿನ ಡಬ್ಬ, ಮೇಲೆ ಮೇಜು, ಪಕ್ಕದಲ್ಲಿ ವೈರುಗಳ ಗಂಟು. ರೂಟರ್ ಇರುವುದು ಆ ಉಕ್ಕಿನ ಆಚೆ ಕಡೆ. ಮಗನ ಫೋನು ಮಾತ್ರ ಮೇಜಿನ ಮೇಲೆ ರಾಜನ ಹಾಗೆ ಮಲಗಿರುತ್ತಿತ್ತು. ಇಷ್ಟು ದಿನ ನಾನು ಎರಡನ್ನೂ ಒಂದೇ ಜಾಗದಲ್ಲಿ ಹೋಲಿಸುತ್ತಿದ್ದೇನೆ ಅಂದುಕೊಂಡದ್ದೇ ಸುಳ್ಳು.

ಕಡ್ಡಿಗಳನ್ನು ಬಿಚ್ಚಿ, ಉದ್ದ ವೈರಿರುವ, ತಳದಲ್ಲಿ ಆಯಸ್ಕಾಂತ ಇರುವ ಆಂಟೆನಾ ತಂದು ಮೇಜಿನ ಮೇಲೆ ಇಟ್ಟೆ. ಲಿಂಕ್ ಸ್ಪೀಡ್ 780ಕ್ಕೆ ಏರಿತು. ಸ್ಪೀಡ್ ಟೆಸ್ಟ್ 195ಕ್ಕೆ ನಿಂತಿತು. ಅದರ ಮೇಲೆ ಹೋಗುವುದಿಲ್ಲ, ಯಾಕೆಂದರೆ ನಮ್ಮ ಕನೆಕ್ಷನ್ ಇರುವುದೇ 200ರದ್ದು.

ಹೋದ ವಾರ ಆ ಡಾಂಗಲ್ ಸಿಕ್ಕಿತು, ನಿಘಂಟುಗಳ ಹಿಂದೆ. ಕುತೂಹಲಕ್ಕೆ ಅದನ್ನು ಒಂದು ಮೊಳ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರಿಗೆ ಸಿಕ್ಕಿಸಿ ಮೇಜಿನ ಮೇಲಿಟ್ಟೆ. ಹೊಸ ಕಾರ್ಡನ್ನು ಸ್ವಲ್ಪ ಹೊತ್ತು ಆಫ್ ಮಾಡಿ, ಬ್ಯಾಕಪ್ ಶುರು ಮಾಡಿದೆ. ಸ್ಪೀಡ್ ಅದೇ ಹಳೆಯದು, 40ರ ಆಸುಪಾಸು. ಆದರೆ ಬ್ಯಾಕಪ್ ಮುಗಿಯುವವರೆಗೂ ನೆಟ್ ಒಮ್ಮೆಯೂ ಸಾಯಲಿಲ್ಲ. ಇದನ್ನು ಮಗನಿಗೆ ಇನ್ನೂ ಹೇಳಿಲ್ಲ.